ಹಾಳೆ ಮಗುಚುವ ಸದ್ದು

ನಮ್ಮ ಅತ್ತೆ ಮನೆ ನಡೆಸುತ್ತಿದ್ದದ್ದು ಕಿವಿಯಿಂದ. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಗಂಡಸೋ ಹೆಂಗಸೋ ಎಂಬುದಷ್ಟೇ ಅವರಿಗೆ ತಿಳಿಯುತ್ತಿದ್ದ ಕಾಲ. ನಡುಮನೆಯ ಮಂಚದ ಮೇಲೆ ಗೋಡೆಗೆ ಒರಗಿ ಕೂತರೆ ಅಡುಗೆಮನೆ, ಬಚ್ಚಲು, ಹಿತ್ತಲು, ಮುಂದಿನ ಅಂಗಡಿ ಎಲ್ಲವೂ ಅವರ ಕಿವಿಯ ಒಳಗೇ ಇರುತ್ತಿದ್ದವು. ರೊಟ್ಟಿ ತಟ್ಟುವ ಸದ್ದು ನಿಂತರೆ "ಹಿಟ್ಟು ಮುಗೀತಾ?" ಪೊರಕೆಯ ಸದ್ದು ಬೇಗ ಮುಗಿದರೆ "ಮೂಟೆ ಹಿಂದೆ ಗುಡ್ಸಿಲ್ಲ ನೀನು." ಕೊಡ ಇಳಿಸಿದ ಸದ್ದಿನಲ್ಲೇ ಅದು ತುಂಬಿದೆಯೋ ಮುಕ್ಕಾಲೋ ಎಂದು ಹೇಳಿಬಿಡುತ್ತಿದ್ದರು. ಸದ್ದಿದ್ದರೆ ಸೊಸೆ ಕೆಲಸದಲ್ಲಿದ್ದಾಳೆ. ಸದ್ದಿಲ್ಲ ಎಂದರೆ ಮಲಗಿದ್ದಾಳೆ, ಇಲ್ಲವೇ ಅಳುತ್ತಿದ್ದಾಳೆ. ಎರಡೂ ಅವರಿಗೆ ಆಗದು.

ಇಂಥ ಮನೆಗೆ ಓದುವ ಚಟದವಳೊಬ್ಬಳು ಸೊಸೆಯಾಗಿ ಬಂದರೆ ಏನಾಗಬೇಕು, ನೀವೇ ಹೇಳಿ. ಓದುವಷ್ಟು ಸದ್ದಿಲ್ಲದ ಕೆಲಸ ಇನ್ನೊಂದಿಲ್ಲ.

ನಾನು ಹುಟ್ಟಿ ಬೆಳೆದದ್ದು ಹೊಂಗಡಹಳ್ಳದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ. ಅಪ್ಪ ಅಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು ಅವನ ಪಾಲಿಗೆ. ಬಂಗಲೆಯಿಂದ ಹಳೆಯ ವಾರಪತ್ರಿಕೆಗಳ ಕಟ್ಟು ನಮ್ಮ ಮನೆಗೆ ಬರುತ್ತಿತ್ತು, ಒಲೆ ಹಚ್ಚುವುದಕ್ಕೆ. ಒಲೆಗೆ ಹೋಗುವ ಮುಂಚೆ ಅದು ನನ್ನ ಕೈ ದಾಟಿ ಹೋಗಬೇಕಿತ್ತು. ಧಾರಾವಾಹಿ ಕಾದಂಬರಿಗಳ ಒಂದು ಕಂತು ಸಿಕ್ಕರೆ ಮುಂದಿನ ಮೂರು ಸಿಗುತ್ತಿರಲಿಲ್ಲ. ನಡುವೆ ನಡೆದದ್ದನ್ನು ನಾನೇ ಕಟ್ಟಿಕೊಂಡು ಮುಂದೆ ಹೋಗುತ್ತಿದ್ದೆ. ಆ ಅಭ್ಯಾಸ ಮುಂದೆ ಬಹಳ ಕೆಲಸಕ್ಕೆ ಬಂತು.

ಮದುವೆಯಾಗಿ ಬಂದದ್ದು ಕೆ. ಹೊಸಕೋಟೆಗೆ. ಮುಂದೆ ದಿನಸಿ ಅಂಗಡಿ, ಹಿಂದೆ ಮನೆ, ಅದರ ಹಿಂದೆ ದನದ ಕೊಟ್ಟಿಗೆ, ಸ್ವಲ್ಪ ಕಾಫಿ, ಮೆಣಸು. ಅತ್ತೆ, ಭಾವ, ಭಾವನ ಹೆಂಡತಿ ಅಂದರೆ ನನ್ನ ವಾರಗಿತ್ತಿ, ನನ್ನ ಯಜಮಾನರು. ನನಗೆ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದ ಮೇಲೆ, ಕೈಗೆ ಬರುವ ಒಂದೊಂದು ಸೋಪಿಗೂ ಭಾವನ ಮುಖ ನೋಡುವುದು ಸಾಕಾಗಿ, ನಾನು ರವಿಕೆ ಬಟ್ಟೆ, ಲಂಗದ ಬಟ್ಟೆ, ಮಕ್ಕಳ ಫ್ರಾಕು ತಂದು ಮಾರುವುದಕ್ಕೆ ಶುರುಮಾಡಿದೆ. ಅಪ್ಪ ಕೆಲಸ ಮಾಡುತ್ತಿದ್ದ ಎಸ್ಟೇಟಿನ ಲೈನ್ ಮನೆಗಳ, ಅಂದರೆ ಕೂಲಿಯವರ ಸಾಲುಮನೆಗಳ, ಹೆಂಗಸರೇ ನನ್ನ ಮೊದಲ ಗಿರಾಕಿಗಳು. ಆಲೂರಿಗೆ ಒಂದು ಬಸ್ಸು, ಅಲ್ಲಿಂದ ಸಕಲೇಶಪುರಕ್ಕೆ ಇನ್ನೊಂದು, ಅಲ್ಲಿಂದ ಹೊಂಗಡಹಳ್ಳಕ್ಕೆ ಮತ್ತೊಂದು. ಹೆಗಲಿಗೆ ಬಟ್ಟೆ ಗಂಟು. ಹೋದವಳು ಅದೇ ದಿನ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿಬಿಡಬೇಕು. ಯಾರೂ ನನಗೆ ವ್ಯಾಪಾರ ಕಲಿಸಲಿಲ್ಲ. ಬೇಕಾದ ವಸ್ತುವಿನ ಬೆಲೆ ಮೊದಲು ಕೇಳಬಾರದು, ಬೇಡದ್ದರ ಬೆಲೆ ಕೇಳಿ ಮುಖ ಸಿಂಡರಿಸಬೇಕು ಎಂಬುದು ಆ ಲೈನಿನ ಹೆಂಗಸರಿಂದಲೇ ನಾನು ಕಲಿತದ್ದು. ಅವರು ನನ್ನ ಮೇಲೆ ಮಾಡುತ್ತಿದ್ದುದನ್ನೇ ನಾನು ಹಾಸನದ ಬಟ್ಟೆ ಅಂಗಡಿಗಳವರ ಮೇಲೆ ಮಾಡಿದೆ.

ಸಕಲೇಶಪುರದಲ್ಲಿ ಬಸ್ಸು ಬದಲಿಸುವ ಜಾಗದ ಹತ್ತಿರವೇ, ಎರಡು ಅಂಗಡಿಗಳ ಸಂದಿನಂಥ ಕಡೆ, ಪುಸ್ತಕ ಬಾಡಿಗೆಗೆ ಕೊಡುವ ಲೈಬ್ರರಿಯೊಂದಿತ್ತು. ಒಬ್ಬರು ಹೋಗಿ ಹಿಂದಕ್ಕೆ ಬಂದರೆ ಮಾತ್ರ ಇನ್ನೊಬ್ಬರು ಒಳಗೆ ಹೋಗಬಹುದು, ಅಷ್ಟು ಅಗಲ. ನಡೆಸುತ್ತಿದ್ದವರು ವಯಸ್ಸಾದವರು, ಸ್ವೆಟರಿನ ಮೇಲೆ ಮಫ್ಲರು. ಮೊದಲ ಸಲವೇ ನಾನು ಅವರಿಗೆ ಷರತ್ತು ಹಾಕಿದೆ.

"ಮಳೆಗೆ ಬಸ್ಸು ಬರದ ದಿನಕ್ಕೆ ಬಾಡಿಗೆ ಹಿಡೀಬಾರ್ದು."

"ಪುಸ್ತಕ ನಿಮ್ಮನೇಲೇ ಇರುತ್ತಲ್ಲಮ್ಮ. ಬಸ್ಸಿಗೂ ಅದಕ್ಕೂ ಏನು ಸಂಬಂಧ?"

"ಓದಿ ಮುಗಿಸಿಬಿಟ್ಟಿರ್ತೀನಿ. ತಂದುಕೊಡೋಕೆ ದಾರಿ ಇಲ್ದೆ ಇಟ್ಕೊಂಡಿರೋದು ಓದೋದಲ್ಲ, ಕಾವಲು ಕಾಯೋದು. ಕಾವಲಿಗೆ ಕೂಲಿ ನೀವೇ ಕೊಡ್ಬೇಕಾಗುತ್ತೆ."

ಅವರು ಮಫ್ಲರ್ ಬಿಚ್ಚಿ ಮತ್ತೆ ಸುತ್ತಿಕೊಂಡರು. ಬಸ್ಸಿಲ್ಲದ ದಿನಗಳು ಬಾಡಿಗೆಯಿಂದ ಬಿಟ್ಟುಹೋದವು. ಜೂನ್, ಜುಲೈನಲ್ಲಿ ನಮ್ಮ ದಾರಿಯ ಬಸ್ಸುಗಳ ಗತಿ ಗೊತ್ತಿದ್ದವರಿಗೆ ಅದು ಎಷ್ಟು ದೊಡ್ಡ ರಿಯಾಯಿತಿ ಎಂದು ತಿಳಿಯುತ್ತದೆ.

ಪುಸ್ತಕ ಸಿಕ್ಕಿತು, ಓದುವ ಜಾಗ ಸಿಗಲಿಲ್ಲ. ಬಸ್ಸಿನಲ್ಲಿ ಗಂಟು ಹಿಡಿದು ನಿಂತೇ ಬರಬೇಕು. ಬಚ್ಚಲ ಒಲೆಯ ಮುಂದೆ ಕೂತು, ಒಂದು ಕೈಯಲ್ಲಿ ಸೌದೆ ತಳ್ಳುತ್ತಾ ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದಿದೆ. ಹೊಗೆಗೆ ಕಣ್ಣಲ್ಲಿ ನೀರು. ಎರಡು ಪುಟ ಆಗುವಷ್ಟರಲ್ಲಿ ನಡುಮನೆಯಿಂದ ದನಿ:

"ಒಲೆ ಮುಂದೆ ಯಾಕೆ ಸುಮ್ನೆ ಕುಂತಿದ್ದೀ?"

"ಉರಿ ಮುಂದಕ್ಕೆ ಹಾಕ್ತಿದ್ದೀನಿ ಅತ್ತೆ."

"ಹಾಕಿದ್ರೆ ಕೇಳಿಸ್ತಿತ್ತು."

ಬಟ್ಟೆ ಮಡಿಸುವ ನೆಪದಲ್ಲಿ ಓದಿದೆ. ಮಡಿಸುವುದಕ್ಕೂ ಒಂದು ಸದ್ದಿದೆಯಂತೆ. ಅಕ್ಕಿ ಆರಿಸುವ ಮೊರದ ಮೇಲೆ ಪುಸ್ತಕ ಇಟ್ಟುಕೊಂಡು, ಆಗಾಗ ಅಕ್ಕಿ ಅಲ್ಲಾಡಿಸಿದೆ. "ಒಂದ್ ಸೇರು ಅಕ್ಕಿಗೆ ಎಷ್ಟ್ ಕಲ್ಲು ಐತೆ ಕಣವ್ವ, ಮಧ್ಯಾಹ್ನದಿಂದ ಆರಿಸ್ತಾನೇ ಇದ್ದೀಯಲ್ಲ" ಅಂದರು. ಹೀಗೆ ಕದ್ದು ಓದಿದ್ದು ಮೈಗೆ ಹತ್ತುವುದಿಲ್ಲ. ಓದಿದ್ದ ಪುಟವನ್ನೇ ಮತ್ತೆ ಓದುತ್ತಿದ್ದೆ. ಕೊನೆಗೆ, ಇದು ಕದಿಯುವ ಮಾಲಲ್ಲ, ಕೊಂಡುಕೊಳ್ಳುವ ಮಾಲು ಎಂದು ತೀರ್ಮಾನಿಸಿ ಚೌಕಾಸಿಗೆ ಇಳಿದೆ.

ನನಗೆ ಬೇಕಿದ್ದದ್ದು ಒಂದೇ. ಊಟ ಮುಗಿದು ಪಾತ್ರೆ ತೊಳೆದ ಮೇಲೆ, ಮಕ್ಕಳು ಸ್ಕೂಲಿಂದ ಬರುವ ಮುಂಚೆ, ಒಂದು ಗಂಟೆ. ಯಾರೂ ಕರೆಯದ, ನಾನು ಯಾರಿಗೂ ಉತ್ತರ ಕೊಡದ ಒಂದು ಗಂಟೆ. ಅದನ್ನು ಮೊದಲು ಕೇಳಲಿಲ್ಲ. ಆಷಾಢಕ್ಕೆ ಒಂದು ತಿಂಗಳು ತವರಿಗೆ ಹೋಗುತ್ತೇನೆ ಎಂದೆ. ಅತ್ತೆ ಸೊಂಟ ಹಿಡಿದುಕೊಂಡರು. ಹದಿನೈದು ದಿನಕ್ಕೆ ಇಳಿದೆ. ವಾರಗಿತ್ತಿಗೆ ಮೈ ಸರಿಯಿಲ್ಲ ಎಂದರು. ಒಂದು ವಾರ ಎಂದೆ. ಮಕ್ಕಳ ಸ್ಕೂಲು ಎಂದರು. ಸೋತವಳ ಹಾಗೆ ನಿಟ್ಟುಸಿರು ಬಿಟ್ಟು, "ಹೋಗಲಿ ಬಿಡಿ, ತವರು ಬೇಡ. ಮಧ್ಯಾಹ್ನ ಒಂದು ಗಂಟೆ ಕೂತು ಪುಸ್ತಕ ಓದ್ಕೋತೀನಿ, ಅಷ್ಟಾದರೂ ಬಿಡಿ" ಎಂದೆ.

ಅತ್ತೆ ಎಲೆ ಅಡಿಕೆ ಚೀಲ ತಡವಿ ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡರು. ಆಮೇಲೆ ಅಂದರು, "ಓದು. ಬ್ಯಾಡ ಅನ್ನಲ್ಲ. ಆದ್ರೆ ನಂಗೆ ಕೇಳೋ ಹಂಗೆ ಓದು."

"ಅದು ಮನಸ್ಸಲ್ಲಿ ಓದೋದು ಅತ್ತೆ."

"ಮನ್ಸಲ್ಲಿ ಓದ್ತಾ ಇದ್ದೀಯೋ, ಮನ್ಸಲ್ಲಿ ನಮ್ಮನ್ನ ಬೈತಾ ಇದ್ದೀಯೋ, ನಂಗೇನ್ ಗೊತ್ತಾಯ್ತದೆ?"

ವ್ಯಾಪಾರ ಮಾಡುವ ತಂಗಿಯರಿಗೆ ಒಂದು ಮಾತು ಹೇಳುತ್ತೇನೆ. ಬೆಲೆ ಇಳಿದ ಖುಷಿಯಲ್ಲಿ ಷರತ್ತನ್ನು ಪೂರ್ತಿ ಕೇಳದೆ ಹೂಂ ಎನ್ನಬೇಡಿ. ನಾನು ಹೂಂ ಅಂದೆ. ಸ್ವಲ್ಪ ದಿನ ಗಟ್ಟಿಯಾಗಿ ಓದಿದರೆ ಅವರೇ ಬೇಸತ್ತು ಸಾಕು ಅನ್ನುತ್ತಾರೆ ಎಂದುಕೊಂಡಿದ್ದೆ. ಬೇಸರ ಹುಟ್ಟಿಸಲೆಂದೇ ಮೊದಲು ಆರಿಸಿ ತಂದದ್ದು ರಾಜರ ಕಾಲದ ದಪ್ಪ ಕಾದಂಬರಿ. ಯುದ್ಧದ ಮೇಲೆ ಯುದ್ಧ. ಅತ್ತೆ ಬೆನ್ನು ನೆಟ್ಟಗೆ ಮಾಡಿ ಕೂತು ಕೇಳಿದರು. ನಡುವೆ ಒಂದೇ ಪ್ರಶ್ನೆ ಕೇಳಿದರು: "ಅಷ್ಟು ದಂಡಿಗೆ ರೊಟ್ಟಿ ತಟ್ಟಿದೋರು ಯಾರು, ಅದನ್ನ ಬರ್ದವ್ರಾ?" ಬರೆದಿರಲಿಲ್ಲ. ಆಮೇಲೆ ಓದಿದ ಯಾವ ರಾಜರ ಕಾದಂಬರಿಯಲ್ಲೂ ಬರೆದಿರಲಿಲ್ಲ. ಈಗಲೂ ಅಂಥ ಪುಸ್ತಕ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಅದನ್ನೇ.

ಎರಡು ವಾರದಲ್ಲಿ ವಾರಗಿತ್ತಿ ಬಂದು ಕೂತಳು, ಬತ್ತಿ ಹೊಸೆಯುವ ನೆಪದಲ್ಲಿ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಭಾವನೂ ಬಾಗಿಲ ಹತ್ತಿರ ಕುರ್ಚಿ ಎಳೆದುಕೊಂಡರು, ಪೇಪರ್ ಓದುವವರ ಹಾಗೆ. ನನ್ನ ಒಂದು ಗಂಟೆ ಮನೆಯವರದ್ದಾಯಿತು. ಕೆಮ್ಮಿದರೆ ನೀರು ತಂದುಕೊಡುತ್ತಿದ್ದರು. ನೆಗಡಿಯಾಗಿ ದನಿ ಹೋದಾಗ ವಾರಗಿತ್ತಿ ಮೆಣಸಿನ ಕಷಾಯ ಮಾಡಿಕೊಟ್ಟಳು. ನನ್ನ ಮೇಲಿನ ಮಮತೆಯಿಂದ ಎಂದುಕೊಂಡರೆ, "ಆ ಹುಡುಗಿ ಬಾವಿ ತಾವ ಹೋದ್ಲಲ್ಲ, ಏನಾತು? ಇವತ್ತಾದ್ರೂ ಓದು ಮಾರಾಯ್ತಿ" ಅಂದಳು.

ಗಟ್ಟಿಯಾಗಿ ಓದುವವಳಿಗೆ ಪುಸ್ತಕ ಒಳಗೆ ಇಳಿಯುವುದಿಲ್ಲ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಬಾಯಿ ಒಂದು ಸಾಲಿನಲ್ಲಿದ್ದರೆ ಕಣ್ಣು ಮುಂದಿನ ಸಾಲಿನಲ್ಲಿರಬೇಕು, ಅಲ್ಲಿ ಏನು ಅಪಾಯ ಕಾದಿದೆ ಎಂದು ನೋಡಲು. ಒಳ್ಳೆಯ ಮಾತು ಬಂದರೆ ನಿಂತು ಯೋಚಿಸುವ ಹಾಗಿಲ್ಲ. ನಿಂತರೆ "ಮುಂದಕ್ಕೆ" ಎಂಬ ಕೂಗು. ಹಡಗಿನ ಕತೆ ಓದಿದೆ, ಬೇರೆ ಭಾಷೆಯಿಂದ ತಂದ ದೊಡ್ಡ ಮನೆತನದ ಕತೆ ಓದಿದೆ, ಕೊಲೆಗಾರನನ್ನು ಹುಡುಕುವ ಕತೆ ಓದಿದೆ. ಎಲ್ಲ ಮುಗಿದ ಮೇಲೆ ಕತೆ ಅವರ ಹತ್ತಿರ ಉಳಿಯುತ್ತಿತ್ತು, ಗಂಟಲುನೋವು ನನ್ನ ಹತ್ತಿರ. ಮಕ್ಕಳನ್ನು ಬೆಳೆಸುವುದು ಹೇಗೆ ಎಂಬ ಪುಸ್ತಕವನ್ನೂ ಒಮ್ಮೆ ತಂದಿದ್ದೆ, ಅದಾದರೂ ನನ್ನೊಬ್ಬಳಿಗೆ ಇರಲಿ ಎಂದು. ತಾಯಿಯಾದವಳು ದಿನವೂ ಸ್ವಲ್ಪ ಹೊತ್ತು ಏಕಾಂತದಲ್ಲಿ ಮನಸ್ಸು ಹಗುರ ಮಾಡಿಕೊಳ್ಳಬೇಕು ಎಂದಿತ್ತು ಅದರಲ್ಲಿ. ಅದನ್ನೂ ನಾನು ಮೂರು ಜನರ ಮುಂದೆ ಗಟ್ಟಿಯಾಗಿಯೇ ಓದಿದೆ. ಅತ್ತೆ ನಕ್ಕರು. "ಬರ್ದೋರ ಮನೇಲಿ ದನ ಇಲ್ಲ ಅಂತ ಕಾಣ್ತದೆ" ಅಂದರು.

ಕಾಫಿ ತೋಟದ ಪ್ರೇಮಕತೆಗಳು ಬೇರೆಯೇ ಕಾಟ. ಆ ಕಾಲಕ್ಕೆ ಅಂಥವು ರಾಶಿ ಬರುತ್ತಿದ್ದವು. ಮಳೆಯಲ್ಲಿ ನಾಯಕಿ ಬರಿಗಾಲಲ್ಲಿ, ಕೂದಲು ಬಿಚ್ಚಿಕೊಂಡು ತೋಟದೊಳಗೆ ಓಡುತ್ತಾಳೆ, ರಕ್ತ ಹೀರುವ ಒಂದು ಇಂಬಳವೂ ಹತ್ತುವುದಿಲ್ಲ. ಎಸ್ಟೇಟಿನ ಯಜಮಾನನ ಮಗ ಕುದುರೆ ಮೇಲೆ ಬರುತ್ತಾನೆ. ನಾನು ಎಸ್ಟೇಟಿನಲ್ಲಿ ಹುಟ್ಟಿಯೂ ಕುದುರೆ ನೋಡಿದವಳಲ್ಲ, ಜೀಪು ಕೆಟ್ಟು ನಿಂತದ್ದನ್ನು ತಳ್ಳಿದವಳು. ಆ ಕತೆಗಳವರಿಗೆ ಹಸಿವಾಗುವುದಿಲ್ಲ, ಅವರ ಮಕ್ಕಳಿಗೆ ಸಿಂಬಳ ಸುರಿಯುವುದಿಲ್ಲ. ಅದೆಲ್ಲ ಹೋಗಲಿ. ನಡುನಡುವೆ ಅವರಿಬ್ಬರೂ ಅಪ್ಪಿಕೊಳ್ಳುತ್ತಾರಲ್ಲ, ಅಲ್ಲಿ ನಾನೇನು ಮಾಡಬೇಕು? ಅತ್ತೆ ಮಂಚದ ಮೇಲೆ, ಭಾವ ಬಾಗಿಲಲ್ಲಿ. ಕಣ್ಣು ಮುಂದೆ ಓಡಿ ಅಪಾಯ ಕಂಡ ಕೂಡಲೆ, "ಇಬ್ಬರೂ ಕೂತು ಕಾಫಿ ಕುಡಿದರು" ಎಂದು ಓದಿಬಿಡುತ್ತಿದ್ದೆ. ಚಿಕ್ಕಂದಿನಲ್ಲಿ ಕಂತು ಕಟ್ಟುತ್ತಿದ್ದ ಅಭ್ಯಾಸ ಕೆಲಸಕ್ಕೆ ಬಂತು ಅಂದೆನಲ್ಲ, ಅದು ಹೀಗೆ.

ಒಂದು ಕಾದಂಬರಿಯ ಕೊನೆಕೊನೆಗೆ ಅತ್ತೆ ಅಂದರು, "ಎಷ್ಟ್ ಕಾಫಿ ಕುಡೀತಾರೆ ಕಣೆ ಇವ್ರು. ನಿದ್ದೆ ಬರ್ತದಾ ಇವ್ರಿಗೆ?" ವಾರಗಿತ್ತಿ ಬತ್ತಿ ಕೆಳಗೆ ಹಾಕಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಗಂಭೀರವಾಗಿ ಮುಂದಿನ ಸಾಲು ಓದಿದೆ.

ಹೀಗೇ ಮೂರು ನಾಲ್ಕು ವರ್ಷ ಹೋಯಿತು. ಆ ಹೊತ್ತಿಗೆ ನಮ್ಮ ಅಂಗಡಿಯ ಅರ್ಧ ಭಾಗ ನನ್ನ ಬಟ್ಟೆಯದಾಗಿತ್ತು. ಸರಕಿಗೆ ಬಂದ ಗಂಡಸರು ನನ್ನ ಹತ್ತಿರವೇ ಬೆಲೆ ಮಾತಾಡುತ್ತಿದ್ದರು. ಆದರೆ ಆ ಒಂದು ಗಂಟೆ ಮಾತ್ರ ನನ್ನ ಕೈಗೆ ಬಂದಿರಲಿಲ್ಲ. ಒಂದು ಮಳೆಗಾಲದ ಮುಂಚೆ ಲೈಬ್ರರಿಯವರು ಹಳೆಯದೊಂದು ಕಾದಂಬರಿ ಕೊಟ್ಟರು. "ಇದನ್ನ ಯಾರೂ ತಗೊಂಡೋಗಲ್ಲ, ನೀವು ನೋಡಿ" ಅಂದರು. ದೊಡ್ಡ ಕುಟುಂಬದ ಸೊಸೆಯೊಬ್ಬಳ ಕತೆ. ಅವಳಿಗೆ ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಎಲ್ಲರಿಗೂ ಅವಳು ಬೇಕು. ಬೆಳಗಿನಿಂದ ಸಂಜೆಯವರೆಗೆ ಒಬ್ಬರಲ್ಲ ಒಬ್ಬರು ಅವಳನ್ನು ಕರೆಯುತ್ತಾರೆ. ಅಷ್ಟೇ ಕತೆ. ಮೊದಲ ದಿನ ಓದುವಾಗಲೇ ನನ್ನ ದನಿ ತಗ್ಗಿತು. ಈ ಪುಸ್ತಕ ನನ್ನೊಬ್ಬಳಿಗೆ ಬೇಕು ಅನ್ನಿಸಿತು. ಬೇರೆ ಪುಸ್ತಕ ತಂದಿಲ್ಲದ ಕಾರಣ ಇದನ್ನೇ ಓದಬೇಕಾಯಿತು. ಪುಟ ಉಳಿಸಿಕೊಳ್ಳಬೇಕೆಂದು ನಿಧಾನ ಓದಿದೆ. ಆದರೂ ಮುಗಿಯುತ್ತಾ ಬಂತು.

ಕೊನೆಯ ಅಧ್ಯಾಯದ ದಿನ ಭಾವ ಕುರ್ಚಿ ಎಳೆದು ಕೂತವರೇ ಅಂದರು, "ಇಂಥವನ್ನೆಲ್ಲ ಓದಿ ಹೆಂಗಸ್ರು ತಲೆ ಕೆಡಿಸ್ಕೋತಾರೆ. ಇದು ಮುಗಿದ್ ಮ್ಯಾಲೆ ಏನಾರ ಪುರಾಣ ಓದ್ಸಿ ಅವ್ವ." ಅತ್ತೆ "ಮೊದ್ಲು ಇದ್ ಮುಗೀಲಿ" ಅಂದರು.

ಓದುತ್ತಾ ಹೋದೆ. ಸೊಸೆ ಮಧ್ಯಾಹ್ನದ ಪಾತ್ರೆ ತೊಳೆದು ಬೋರಲು ಹಾಕುತ್ತಾಳೆ. ಬೀಗದ ಕೈ ಗೊಂಚಲನ್ನು ಸೊಂಟದಿಂದ ತೆಗೆದು ಅಕ್ಕಿ ಡಬ್ಬದ ಮೇಲೆ ಇಡುತ್ತಾಳೆ. ಒಳಗಿನಿಂದ ಯಾರೋ ಅವಳನ್ನು ಕರೆಯುತ್ತಾರೆ. ಅವಳು ಬಾಗಿಲಿಗೆ ಬರುತ್ತಾಳೆ. ಅಷ್ಟರಲ್ಲಿ ನನ್ನ ಕಣ್ಣು ಮುಂದಿನ ಸಾಲಿಗೆ ಹೋಗಿತ್ತು. ಅವಳು ಉತ್ತರ ಕೊಡುವುದಿಲ್ಲ. ಹೊರಟುಹೋಗುತ್ತಾಳೆ. ಇನ್ನು ನಾಲ್ಕಾರು ಪುಟ ಇದ್ದವು, ಎಲ್ಲದರಲ್ಲೂ ಅವಳು ನಡೆಯುತ್ತಲೇ ಇದ್ದಳು.

ಭಾವ ಕಾಲ ಮೇಲೆ ಕಾಲು ಹಾಕಿ ನನ್ನನ್ನೇ ನೋಡುತ್ತಿದ್ದರು. ಇದನ್ನು ಓದಿದರೆ ಇವತ್ತಿಗೆ ಈ ಮನೆಯಲ್ಲಿ ಪುಸ್ತಕ ಮುಗಿಯಿತು ಎಂದು ನನಗೆ ಗೊತ್ತಾಯಿತು. ಗಟ್ಟಿಯಾಗಿಯೋ ಹೇಗೋ, ಇರುವ ಒಂದು ಗಂಟೆಯೂ ಹೋಗುತ್ತದೆ. ಬಾಯಿ ತಾನಾಗಿಯೇ ಮುಂದುವರಿಯಿತು. "ಬಂದೆ ಅತ್ತೆ ಎಂದು ಅವಳು ಹಿಂದಿರುಗಿದಳು" ಎಂದು ಓದಿದೆ. ಬೀಗದ ಕೈಯನ್ನು ಮತ್ತೆ ಅವಳ ಸೊಂಟಕ್ಕೆ ಸಿಕ್ಕಿಸಿದೆ. ಒಲೆ ಹಚ್ಚಿಸಿದೆ. ಮೈದುನನಿಗೆ ಕೆಲಸ ಕೊಡಿಸಿದೆ, ನಾದಿನಿಗೆ ಗಂಡು ಗೊತ್ತು ಮಾಡಿದೆ, ಎಲ್ಲರನ್ನೂ ಊಟಕ್ಕೆ ಕೂರಿಸಿ ಪುಸ್ತಕ ಮುಚ್ಚಿದೆ.

"ಇದು ಪರವಾಗಿಲ್ಲ" ಅಂದರು ಭಾವ. ವಾರಗಿತ್ತಿ ಕಣ್ಣೊರೆಸಿಕೊಂಡಳು. ಅತ್ತೆ ತಲೆ ಓರೆ ಮಾಡಿ ನನ್ನ ಕಡೆಗೆ ಕಿವಿ ತಿರುಗಿಸಿದರು.

ಮಾರನೆಯ ದಿನ ಭಾವ, ವಾರಗಿತ್ತಿ ಇಬ್ಬರೂ ಆಲೂರಿಗೆ ಮದುವೆಗೆ ಹೋಗಿದ್ದರು. ಪಾತ್ರೆ ತೊಳೆದು ಬಂದವಳನ್ನು ಅತ್ತೆ ಕರೆದರು.

"ಆ ಪುಸ್ತಕ ತಗೊಂಡ್ ಬಾ."

"ನಿನ್ನೆ ಮುಗೀತಲ್ಲ ಅತ್ತೆ."

"ನಿನ್ನೆ ಅವ್ಳು ಬಾಗ್ಲಿಗೆ ಬಂದ್ ಮ್ಯಾಲೆ ಅಷ್ಟೊತ್ತು ಓದ್ದೆ. ಹಾಳೆ ಒಂದೂ ಮಗುಚಲಿಲ್ಲ."

ನಾನು ಒಳಗಿನಿಂದ ಪುಸ್ತಕ ತಂದೆ. ಅವರು ಮುಂದುವರಿಸಿದರು, "ಕಾಫಿ ಕುಡ್ದಾಗ ಒಂದ್ ಸಾಲು ಹಾರಿಸ್ತೀಯ, ಅದು ಗೊತ್ತು. ಆಗ ದನಿ ಓಡ್ತದೆ. ನಿನ್ನೆ ದನಿ ಓಡಲಿಲ್ಲ, ಎಳೀತು. ಏನ್ ಬರ್ದವ್ರೋ ಅದನ್ನ ಓದು."

ಓದಿದೆ. ಬಾಗಿಲಿನಿಂದ ಹಿಡಿದು ಕೊನೆಯ ಪುಟದವರೆಗೆ, ಒಂದು ಅಕ್ಷರ ಬಿಡದೆ. ಅತ್ತೆ ಗೋಡೆಗೆ ತಲೆ ಆನಿಸಿ ಕೇಳಿದರು. ಮುಗಿದ ಮೇಲೆ ಕೇಳಿದರು:

"ಎಲ್ಲಿಗೆ ಹೋದ್ಲಂತೆ?"

"ಬರೆದಿಲ್ಲ."

"ಹೊಟ್ಟೆಗೇನ್ ಮಾಡ್ಕೊಂಡ್ಲು?"

"ಅದೂ ಬರೆದಿಲ್ಲ."

"ಹೊರಡ್ಸಿ ಬುಟ್ಟು, ಎಲ್ಲಿಗೆ ಅಂತ ಹೇಳ್ದೆ ಹೋದ್ರೆ ಹೆಂಗೆ? ಹೊರಡೋಕೇನು, ನಾನೂ ಹೊರಟಿದ್ದೆ. ಕೆರೆ ಏರಿ ತನಕ." ಯಾವಾಗ, ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ, "ಬಾಗ್ಲ ತಾವಿಂದ ಇನ್ನೊಂದ್ ಸಲ ಓದು" ಅಂದರು.

ಇನ್ನೊಂದು ಸಲ ಓದಿದೆ. ಓದುತ್ತಿದ್ದಂತೆಯೇ ನನ್ನೊಳಗಿನ ವ್ಯಾಪಾರಿ ಎದ್ದು ಕೂತಳು. ಈಗ ನನ್ನ ಕೈಯಲ್ಲಿ ಅವರಿಗೆ ಬೇಕಾದ ಮಾಲಿದೆ. ಇಂಥ ಹೊತ್ತು ಮತ್ತೆ ಬರುವುದಿಲ್ಲ. "ಅತ್ತೆ, ಇನ್ನು ಮೇಲೆ ಬರೆದದ್ದನ್ನು ಬರೆದ ಹಾಗೇ ಓದ್ತೀನಿ, ಕಾಫಿ ಸಮೇತ. ಒಂದು ದಿನ ನಿಮಗೆ ಗಟ್ಟಿಯಾಗಿ, ಒಂದು ದಿನ ನನಗೆ ಮನಸ್ಸಲ್ಲಿ. ಹಿಂಗೆ ಮಾಡ್ಕೊಳ್ಳೋಣ" ಎಂದೆ.

ಅವರು ಚೌಕಾಸಿ ಮಾಡಲಿಲ್ಲ. ಮಾಡಿದ್ದರೆ ಗೆಲ್ಲುತ್ತಿದ್ದೆ. "ನೀನು ಸುಮ್ನಾದ್ರೆ, ಮನೇಲಿ ಯಾರವ್ರೆ ಯಾರಿಲ್ಲ, ನಂಗೆ ಹೆಂಗವ್ವ ತಿಳೀಬೇಕು?" ಅಂದರು. ಬೇಡಿಕೊಳ್ಳುವ ದನಿಯಲ್ಲ, ಮೊರ ಎಲ್ಲಿಟ್ಟಿದ್ದೀ ಎಂದು ಕೇಳುವ ದನಿ. ಅದಕ್ಕೆ ನನ್ನ ಹತ್ತಿರ ಬೆಲೆ ಇರಲಿಲ್ಲ.

ಆದರೆ ದಾರಿ ಹೊಳೆಯಿತು. ಕಣ್ಣು ಕಾಣುವುದಿಲ್ಲ ಎಂಬುದೇ ತಕರಾರಾದರೆ ಕಣ್ಣು ಕಾಣಿಸುವಂತೆ ಮಾಡಿದರಾಯಿತು. ಸಕಲೇಶಪುರದಲ್ಲಿ ಪೊರೆ ತೆಗೆಯುವ ಕ್ಯಾಂಪು ನಡೆಯುತ್ತದೆ ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೆ. ಈ ಮನೆಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ವಯಸ್ಸಾಯಿತು, ಕಣ್ಣು ಹೋಯಿತು ಎಂದುಕೊಂಡಿದ್ದರು. ಅತ್ತೆ ಒಪ್ಪಲಿಲ್ಲ. "ಈ ವಯಸ್ಸಲ್ಲಿ ನಾನೇನ್ ನೋಡ್ಬೇಕು?" ಅವರವರ ಅಗತ್ಯ ನೋಡಿ ಮಾಲು ತೋರಿಸಬೇಕು. ಮೊಮ್ಮಕ್ಕಳ ಮುಖ ನೋಡಬಹುದು ಎಂದರೆ ಅವರು ಜಗ್ಗುವವರಲ್ಲ. ನಾನು ಅಂದೆ, "ಮೆಣಸು ಕುಯ್ಯೋರು ಮೇಲಿನ ಕೊನೇಲಿ ಕಾಳು ಬಿಟ್ಟೇ ಇಳೀತಾರೆ ಅತ್ತೆ. ನಾವು ಹೇಳಿದ್ರೆ ಯಾರು ಕೇಳ್ತಾರೆ?" ಮಾರನೆಯ ದಿನವೇ ಹೊರಟು ಕೂತರು.

ಎಲ್ಲರೂ ನನ್ನನ್ನು ಹೊಗಳಿದರು, ಇಂಥ ಸೊಸೆ ಸಿಗಬೇಕಲ್ಲ ಎಂದು. ನಾನು ಹೊಗಳಿಸಿಕೊಂಡೆ. ಪಟ್ಟಿ ಬಿಚ್ಚಿ ಕನ್ನಡಕ ಕೊಟ್ಟ ದಿನ ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಮದುವೇಲಿ ಇಷ್ಟ್ ಕಪ್ಪಗಿರಲಿಲ್ಲ ನೀನು" ಅಂದರು.

ಮನೆಗೆ ಬಂದು, ಅವರು ಸುಧಾರಿಸಿಕೊಂಡು, ಮೆಣಸಿನ ಬಳ್ಳಿಗಳನ್ನೆಲ್ಲ ಎಣಿಸಿ ಬಂದ ಮೇಲೆ, ಒಂದು ಮಧ್ಯಾಹ್ನ ನಾನು ಅವರ ಎದುರಿಗೇ ಕೂತೆ, ಮಂಚದ ಪಕ್ಕದ ಚಾಪೆಯ ಮೇಲೆ. ಪುಸ್ತಕ ಬಿಚ್ಚಿದೆ. ಬಾಯಿ ಮುಚ್ಚಿದೆ. ಅರ್ಧ ಪುಟವೂ ಆಗಿರಲಿಲ್ಲ.

"ಯಾಕೆ, ಬಾಯಿ ಬಿದ್ದೋಯ್ತಾ?"

"ಈಗ ಕಾಣುತ್ತಲ್ಲ ಅತ್ತೆ. ಇಲ್ಲೇ ಕೂತಿದ್ದೀನಿ, ಓದ್ತಾನೇ ಇದ್ದೀನಿ."

"ನೀನು ಕಾಣ್ತೀಯ. ಪುಸ್ತಕದಲ್ಲಿರೋರು ಕಾಣ್ತಾರಾ?"

ಅವರು ಶಾಲೆಗೆ ಹೋದವರಲ್ಲ. ಪೊರೆ ತೆಗೆದ ಡಾಕ್ಟರು ಅಕ್ಷರ ಹಾಕಿ ಕಳಿಸಿರಲಿಲ್ಲ. ಇಷ್ಟು ಸಾಮಾನ್ಯ ವಿಷಯ ಲೆಕ್ಕಕ್ಕೆ ಹಿಡಿಯದೆ ನಾನು ಅಷ್ಟೆಲ್ಲ ಓಡಾಡಿದ್ದೆ. ಆ ಪುಟದ ಮೊದಲಿನಿಂದ ಗಟ್ಟಿಯಾಗಿ ಶುರುಮಾಡಿದೆ. ಒಂದೇ ವ್ಯತ್ಯಾಸ, ಈಗ ಅವರು ನನ್ನ ಬಾಯನ್ನೇ ನೋಡುತ್ತಾ ಕೇಳುತ್ತಿದ್ದರು. ಮೊದಲು ಮುಖದಲ್ಲಾದರೂ ನನ್ನಿಷ್ಟದಂತೆ ಇರಬಹುದಿತ್ತು.

ಅಷ್ಟರಲ್ಲಿ ನನ್ನ ದೊಡ್ಡ ಮಗಳು ಹೈಸ್ಕೂಲಿಗೆ ಬಂದಳು. ಒಂದು ರಜೆಯ ದಿನ ಅವಳು ಕಿಟಕಿಯ ಪಕ್ಕ ಕಾಲು ಮಡಿಸಿ ಕೂತು, ನಾನು ತಂದಿದ್ದ ಪುಸ್ತಕವೊಂದನ್ನು ಓದುತ್ತಿದ್ದಳು. ತುಟಿ ಅಲ್ಲಾಡುತ್ತಿರಲಿಲ್ಲ. ಓದುತ್ತಾ ಓದುತ್ತಾ ಒಬ್ಬಳೇ ನಕ್ಕಳು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಅತ್ತೆ ಅತ್ತ ತಿರುಗಿ, "ಏನೇ ಅದು, ಗಟ್ಟಿಯಾಗ್ ಓದು" ಎಂದು ಬಾಯಿ ತೆರೆಯುವಷ್ಟರಲ್ಲಿ ನಾನು ನಡುವೆ ಬಂದೆ.

"ಅದು ಸ್ಕೂಲಿನ ಪಾಠ ಅತ್ತೆ. ಗಟ್ಟಿಯಾಗಿ ಓದಿದ್ರೆ ಮೇಷ್ಟ್ರು ಮಾರ್ಕ್ಸ್ ಕಡಿಮೆ ಮಾಡ್ತಾರೆ. ಈಗ ಹಂಗೆ ಕಾನೂನು."

"ಅದೆಂಥಾ ಕಾನೂನೋ" ಅಂದರು ಅತ್ತೆ. ಆದರೆ ಬಿಟ್ಟರು. ನಾನು ಮಾಡಿದ ಚೌಕಾಸಿಗಳಲ್ಲಿ ಪೂರ್ತಿ ಗೆದ್ದದ್ದು ಅದೊಂದೇ ಇರಬೇಕು. ಅವಳು ಓದಿಕೊಂಡಳು, ಚಿಕ್ಕವಳೂ ಹಾಗೇ ಓದಿಕೊಂಡಳು. ಮಕ್ಕಳಿರುವ ತಾಯಂದಿರಿಗೆ ಇಷ್ಟು ಹೇಳಬಲ್ಲೆ: ಪುಸ್ತಕ ಕೊಡಿಸುವುದು ದೊಡ್ಡದಲ್ಲ, ಅದನ್ನು ಓದುವಾಗ ಮಗುವನ್ನು ಯಾರೂ ಕರೆಯದ ಹಾಗೆ ಅಡ್ಡ ನಿಲ್ಲಬೇಕು.

ಕೊನೆಗೂ ನನ್ನ ಗಂಟೆ ಒಮ್ಮೆ ಬಂತು. ಹೇಮಾವತಿಯ ಆಚೆ ದಡದ ಊರಿಗೆ ಮದುವೆಯಾಗಿ ಹೋಗಿದ್ದ ಕಿರಿಯ ನಾದಿನಿಯ ಬಾಣಂತನಕ್ಕೆಂದು ಅತ್ತೆ ಒಂದು ತಿಂಗಳು ಹೊರಟರು, ಕಣ್ಣು ಬಂದಿತ್ತಲ್ಲ. ಭಾವನ ಸಂಸಾರ ಅಷ್ಟು ಹೊತ್ತಿಗೆ ಬೇರೆ ಮನೆ ಮಾಡಿತ್ತು. ಯಜಮಾನರು ಅಂಗಡಿಯಲ್ಲಿ, ಮಕ್ಕಳು ಸ್ಕೂಲಿನಲ್ಲಿ. ಪಾತ್ರೆ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಬಂದೆ. ಸಕಲೇಶಪುರದಿಂದ ಆ ಹಳೆಯ ಕಾದಂಬರಿಯನ್ನೇ ಮತ್ತೆ ತಂದಿದ್ದೆ. ಲೈಬ್ರರಿಯವರು "ಓದಿದ್ದನ್ನೇ ಮತ್ತೆ ತಗೊಂಡೋಗ್ತಿದ್ದೀರಿ" ಎಂದಿದ್ದಕ್ಕೆ "ಓದಿಲ್ಲ, ಓದಿ ಹೇಳಿದ್ದೀನಿ" ಎಂದಿದ್ದೆ.

ಅತ್ತೆಯ ಮಂಚದ ಮೇಲೆಯೇ ಒರಗಿ ಕೂತೆ. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟು ಏನೂ ಇಲ್ಲ. ಮೊದಲ ಸಾಲು ನೋಡಿದೆ. ಎರಡನೆಯ ಸಾಲಿಗೆ ಹೋಗುವಷ್ಟರಲ್ಲಿ ಕಣ್ಣು ಹತ್ತನೆಯ ಸಾಲಿನಲ್ಲಿತ್ತು, ಅಪಾಯ ಹುಡುಕುತ್ತಾ. ಹಿಂದಕ್ಕೆ ಎಳೆದು ತಂದೆ. ಮತ್ತೆ ಓಡಿತು. ಬಾಯಿ ಬಿಗಿಹಿಡಿದು ಓದಿದರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತಿತ್ತು, ಆ ಸೊಸೆ ಎದ್ದು ಬರುತ್ತಿರಲಿಲ್ಲ. ಪುಟದ ಕೊನೆಗೆ ಬಂದಾಗ ಏನು ಓದಿದೆ ಎಂದು ನನಗೇ ತಿಳಿಯಲಿಲ್ಲ. ಎದ್ದು ಹೋಗಿ ಹಸುವಿಗೆ ನೀರಿಟ್ಟು ಬಂದೆ. ಮತ್ತೆ ಕೂತೆ. ಮರುದಿನವೂ ಹಾಗೇ, ಅದರ ಮರುದಿನವೂ. ಅಂಗಡಿಯಿಂದ ಯಜಮಾನರು ಒಮ್ಮೆ ಬಾಗಿಲಿಗೆ ಬಂದು ಇಣುಕಿದರು.

"ಏನಾಯ್ತು? ಹುಷಾರಿಲ್ವಾ?"

"ಯಾಕೆ?"

"ಸದ್ದೇ ಇಲ್ಲ."

ತಿಂಗಳು ಮುಗಿದು ಅತ್ತೆ ಬಂದರು. ಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಮಂಚದ ಮೇಲೆ ಕೂತರು. ಒಂದು ಗುಟುಕು ಕಾಫಿ ಕುಡಿದು ಕೇಳಿದರು, "ನಾನಿಲ್ದಾಗ ಏನೇನ್ ಓದ್ದೆ?"

"ಏನೂ ಇಲ್ಲ."

"ಒಂದ್ ತಿಂಗ್ಳಲ್ಲಿ?"

"ಆಗಲಿಲ್ಲ."

ಅವರು ಕನ್ನಡಕದೊಳಗಿನಿಂದ ನನ್ನನ್ನು ನೋಡಿದರು. ಅವರಿಗೆ ಏನು ಅರ್ಥವಾಯಿತೋ ತಿಳಿಯದು. ಲೋಟ ಕೆಳಗಿಟ್ಟು, "ಸರಿ ಬಾ. ಮೊದ್ಲಿಂದ ಶುರು ಮಾಡು" ಅಂದರು.

ಅತ್ತೆ ತೀರಿಹೋಗಿ ಈಗ ಕೆಲವು ವರ್ಷಗಳಾದವು. ಮಂಚ ಅಲ್ಲೇ ಇದೆ. ಸಕಲೇಶಪುರದ ಆ ಲೈಬ್ರರಿ ಮುಚ್ಚಿ ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಬಂದಿದೆ. ಮುಚ್ಚುವಾಗ ಅವರು ಮಾರಿದ ಪುಸ್ತಕಗಳಲ್ಲಿ ಒಂದಷ್ಟ‌ನ್ನು ನಾನು ಕೊಂಡೆ, ಆ ಹಳೆಯ ಕಾದಂಬರಿಯನ್ನೂ. ಬೇಕಾದ್ದನ್ನು ಕಡೆಯಲ್ಲಿ ಕೇಳಿದೆ, ಅಭ್ಯಾಸಬಲ. ಮಧ್ಯಾಹ್ನದ ಆ ಒಂದು ಗಂಟೆಯನ್ನು ಈಗ ಯಾರೂ ಕೇಳುವುದಿಲ್ಲ. ಪಾತ್ರೆ ತೊಳೆದು ಬಂದು ಕೂರುತ್ತೇನೆ, ಗಟ್ಟಿಯಾಗಿಯೇ ಓದುತ್ತೇನೆ. ಅಂಗಡಿಗೆ ಬಂದ ಹೆಂಗಸರು ಒಳಗೆ ಯಾರೋ ನೆಂಟರಿದ್ದಾರೆ ಎಂದುಕೊಂಡು ಬಾಗಿಲಲ್ಲೇ ನಿಲ್ಲುತ್ತಾರೆ. ನಾಯಕ ನಾಯಕಿ ಹತ್ತಿರ ಬಂದರೆ ನನ್ನ ಬಾಯಿ ಇವತ್ತಿಗೂ ಕಾಫಿಯ ಕಡೆಗೆ ತಿರುಗುತ್ತದೆ. ತಡೆದು, ಬರೆದದ್ದನ್ನು ಬರೆದ ಹಾಗೆ ಓದುತ್ತೇನೆ. ಪುಟ ಮುಗಿದಾಗ ಹಾಳೆಯನ್ನು ಸ್ವಲ್ಪ ಬಿಗಿಯಾಗಿ ಹಿಡಿದು, ಸದ್ದು ಕೇಳುವ ಹಾಗೆ ಮಗುಚುತ್ತೇನೆ.